ಶಾಂಘೈಯಲ್ಲಿ ಮಿಶೆಲಿನ್ ಸ್ಟಾರ್ ಸಸ್ಯಾಹಾರಿ ಊಟ: ಬುಕಿಂಗ್, ಅಣಬೆ, ಬಿಲ್ಲು (ಪ್ರಶ್ನೋತ್ತರ)

ಪ್ರಶ್ನೆ, ದಾವಣಗೆರೆಯಿಂದ: ನಮಸ್ಕಾರ. ಅಕ್ಟೋಬರ್ ಮೊದಲ ವಾರ ಅಪ್ಪ-ಅಮ್ಮನ್ನ ಕರ್ಕೊಂಡು ನಾಲ್ಕು ಜನ ಶಾಂಘೈಗೆ ಹೋಗ್ತಿದ್ದೀವಿ. ಎಲ್ಲರೂ ಶುದ್ಧ ಸಸ್ಯಾಹಾರಿಗಳು, ಈರುಳ್ಳಿ-ಬೆಳ್ಳುಳ್ಳಿ ಇಲ್ಲ. ಅಮ್ಮ ಅಣಬೆನೂ ತಿನ್ನಲ್ಲ. ಒಂದು ರಾತ್ರಿಯಾದರೂ ಪ್ರಶಸ್ತಿ ಬಂದಿರೋ ಜಾಗದಲ್ಲಿ ಊಟ ಮಾಡಿಸ್ಬೇಕು ಅಂತ ಆಸೆ. ಫು ಹೆ ಹುಯ್ ಅಂತ ಒಂದಿದೆಯಂತೆ. ಅಲ್ಲಿಗೆ ಬುಕಿಂಗ್ ಹೇಗೆ? ರಾತ್ರಿ ಎಂಟೂವರೆಗೆ ಹೋದರೆ ನಡೆಯುತ್ತಾ?

ಉತ್ತರ, ಪ್ರವಾಸ ಸಂಯೋಜಕಿ: ನಮಸ್ಕಾರ ಸರ್. ಜಾಗ ಸರಿಯಾಗಿಯೇ ಆರಿಸಿದ್ದೀರಿ. ಫು ಹೆ ಹುಯ್ ಪೂರ್ತಿ ಸಸ್ಯಾಹಾರಿ. ಮಿಶೆಲಿನ್ ಗೈಡ್ (ಒಳ್ಳೆಯ ರೆಸ್ಟೋರೆಂಟುಗಳಿಗೆ ಒಂದರಿಂದ ಮೂರು ಸ್ಟಾರ್ ಕೊಡುವ ಫ್ರೆಂಚ್ ಕೈಪಿಡಿ) 2016ರಲ್ಲಿ ಶಾಂಘೈಗೆ ಬಂದಾಗ, ಮೊದಲ ಆವೃತ್ತಿಯಲ್ಲೇ ಇದಕ್ಕೆ ಒಂದು ಸ್ಟಾರ್ ಸಿಕ್ಕಿತು. ಏಷ್ಯಾದ 50 ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲೂ ಬಂದಿದೆ. ಸ್ಟಾರ್ ಒಂದು ವರ್ಷದ ಮಾತು, ಪ್ರತಿ ವರ್ಷ ಮತ್ತೆ ಕೊಡುತ್ತಾರೆ. ಹಾಗಾಗಿ ಹೊರಡುವ ಮುಂಚೆ ಆ ವರ್ಷದ ಪಟ್ಟಿ ನೋಡಿಕೊಳ್ಳಿ.

ಮೊದಲು ತಾರೀಖು. ಅಕ್ಟೋಬರ್ 1ರಿಂದ 7 ಚೀನಾದ ರಾಷ್ಟ್ರೀಯ ದಿನದ ರಜೆ, ಇಡೀ ದೇಶವೇ ಪ್ರವಾಸದಲ್ಲಿರುತ್ತದೆ. ಸಾಧ್ಯವಾದರೆ ಈ ಊಟವನ್ನು 8ರ ನಂತರಕ್ಕೆ ಹಾಕಿಕೊಳ್ಳಿ. ಆಗುವುದಿಲ್ಲ ಎಂದರೆ ಒಂದು ತಿಂಗಳು ಮೊದಲೇ ಕೇಳಿ, ಅದೂ ರಾತ್ರಿಗಲ್ಲ, ಮಧ್ಯಾಹ್ನಕ್ಕೆ.

ಎಂಟೂವರೆ ಬೇಡವೇ ಬೇಡ. ಅಲ್ಲಿ ರಾತ್ರಿ ಊಟ ಐದೂವರೆ-ಆರಕ್ಕೆ ಶುರುವಾಗುತ್ತದೆ, ಎಂಟೂವರೆ ಅಂದರೆ ತೀರಾ ತಡ. ಇದು ಒಂದೊಂದೇ ತಟ್ಟೆ ಬರುವ ಸೆಟ್ ಮೆನು, ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ರಾತ್ರಿಗೇ ಹೋಗುವುದಾದರೆ ಆರು ಗಂಟೆಗೆ ಬುಕ್ ಮಾಡಿ. ಅಪ್ಪ-ಅಮ್ಮನಿಗೆ ಮಧ್ಯಾಹ್ನ ಬೇಗ, ಹಗುರವಾಗಿ ಊಟ ಮಾಡಿಸಿಬಿಡಿ.

ಬುಕಿಂಗಿಗೆ ನೀವು ಉಳಿಯುವ ಹೋಟೆಲಿನ ಮೂಲಕ ಹೋಗುವುದೇ ಸುಲಭ. ಚೀನಾದಲ್ಲಿ ಎಲ್ಲರೂ ವೀಚಾಟ್ ಅಥವಾ ದ್ಯಾನ್‌ಪಿಂಗ್ ಆ್ಯಪ್‌ನಲ್ಲಿ ಟೇಬಲ್ ಹಿಡಿಯುತ್ತಾರೆ. ವೀಚಾಟ್ ಭಾರತದಲ್ಲಿ 2020ರ ಜೂನ್‌ನಿಂದ ನಿಷೇಧದಲ್ಲಿದೆ, ಆದ್ದರಿಂದ ಊರಿನಿಂದಲೇ ಅದರಲ್ಲಿ ಬುಕ್ ಮಾಡುವ ಲೆಕ್ಕ ಹಾಕಬೇಡಿ. ಹೋಟೆಲಿಗೆ ಇಮೇಲ್ ಬರೆದು ತಾರೀಖು, ಹೊತ್ತು, ಎಷ್ಟು ಜನ, ಯಾವ ದರದ ಮೆನು, ಏನೇನು ತಿನ್ನುವುದಿಲ್ಲ, ಇಷ್ಟನ್ನೂ ಒಂದೇ ಪತ್ರದಲ್ಲಿ ತಿಳಿಸಿ. ಮುಂಗಡ ಕೇಳಿದರೆ ಹೋಟೆಲಿನವರೇ ಕಟ್ಟಿ ನಿಮ್ಮ ಕೋಣೆಯ ಬಿಲ್ಲಿಗೆ ಸೇರಿಸಬಹುದೇ ಎಂದೂ ಕೇಳಿ. ಊಟದ ಹಿಂದಿನ ದಿನ ರೆಸ್ಟೋರೆಂಟಿನವರು ಖಚಿತಪಡಿಸಿಕೊಳ್ಳಲು ಫೋನ್ ಮಾಡುವುದುಂಟು. ಅಲ್ಲಿಗೆ ಕೊಟ್ಟಿರುವುದು ಭಾರತದ ನಂಬರಾದರೆ ಆ ಕರೆ ನಿಮಗೆ ತಲುಪದೇ ಹೋಗಬಹುದು, ಟೇಬಲ್ ಬೇರೆಯವರ ಪಾಲಾಗಬಹುದು. ಹೋಟೆಲಿನ ನಂಬರನ್ನೇ ಕೊಡಿಸಿ.

ಅಮ್ಮನ ಅಣಬೆ ವಿಷಯಕ್ಕೆ ನಮ್ಮ ಗುಂಪಿನ ಬಾಣಸಿಗರು ಉತ್ತರ ಕೊಡಲಿ. ಇಡೀ ಯೋಜನೆಯಲ್ಲಿ ಕಷ್ಟದ ಭಾಗ ಅದೇ.

ಉತ್ತರ, ಬಾಣಸಿಗರು: ಮೇಡಂ ಹೇಳಿದ್ದು ನಿಜ. ಈರುಳ್ಳಿ-ಬೆಳ್ಳುಳ್ಳಿಯ ಚಿಂತೆ ಕಡಿಮೆ. ಚೀನಾದ ಬೌದ್ಧ ಸಸ್ಯಾಹಾರದಲ್ಲಿ ಐದು ಘಾಟು ಪದಾರ್ಥ ವರ್ಜ್ಯ: ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಎಲೆ-ಗೆಡ್ಡೆಗಳು, ಜೊತೆಗೆ ಹಳೆಯ ಪಟ್ಟಿಗಳಲ್ಲಿ ಇಂಗು ಕೂಡ. (ನಮ್ಮಲ್ಲಿ ಈರುಳ್ಳಿ ಬಿಟ್ಟವರಿಗೆ ಇಂಗೇ ಆಸರೆ, ಅಲ್ಲಿ ಅದಕ್ಕೂ ನಿಷೇಧ!) ಹಾಗಂತ ಸಸ್ಯಾಹಾರಿ ಎಂಬ ಬೋರ್ಡು ಹಾಕಿದವರೆಲ್ಲ ಇದನ್ನು ಪಾಲಿಸುವುದಿಲ್ಲ, ಕೇಳಲೇಬೇಕು. ಕೆಲವು ಕಡೆ ಮೊಟ್ಟೆಯೂ ಸಸ್ಯಾಹಾರದ ಲೆಕ್ಕಕ್ಕೇ ಬರುತ್ತದೆ, ಮುಖ್ಯವಾಗಿ ಸಿಹಿತಿನಿಸಿನಲ್ಲಿ.

ಇನ್ನು ಅಣಬೆ. ಮಾಂಸದ ಸಾರಿಲ್ಲದ ಅಡುಗೆಮನೆಗೆ ರುಚಿಯ ತಳಪಾಯ ಬೇಕಲ್ಲ, ಅದನ್ನು ಕಟ್ಟುವುದೇ ಒಣ ಶಿಟಾಕೆ ಅಣಬೆ ಮತ್ತು ಸೋಯಾ ಮೊಳಕೆಯಿಂದ. ಇವೆರಡನ್ನೂ ಗಂಟೆಗಟ್ಟಲೆ ಕುದಿಸಿ ಸೋಸಿದ ತಿಳಿ ಸಾರು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಸಿದ್ಧವಾಗಿರುತ್ತದೆ. ಸೂಪು, ಗ್ರೇವಿ, ಟೋಫು ಬೇಯಿಸುವ ನೀರು, ತರಕಾರಿಗೆ ಕೊನೆಯಲ್ಲಿ ಹಾಕುವ ಒಂದು ಸೌಟು, ಎಲ್ಲಕ್ಕೂ ಅದೇ. ತಟ್ಟೆಯಿಂದ ಅಣಬೆ ಚೂರುಗಳನ್ನು ಎತ್ತಿಟ್ಟರೆ ಕಾಣುವ ಅಣಬೆ ಹೋಯಿತು, ಸಾರಿನದ್ದು ಉಳಿಯಿತು. ಇದರ ಮೇಲೆ ಕಪ್ಪು ಮರಗಿವಿ, ಬಿಳಿ ಜೆಲ್ಲಿಯಂಥ ಬೆಳ್ಳಿಗಿವಿ, ಇವೂ ಅಣಬೆ ಜಾತಿಯೇ. ಬೆಳ್ಳಿಗಿವಿಯನ್ನು ಸಿಹಿ ಪಾಯಸದಂಥ ಸೂಪಿಗೂ ಹಾಕುತ್ತಾರೆ, ಹಾಗಾಗಿ ಅಮ್ಮನಿಗೆ ಗೊತ್ತೇ ಆಗುವುದಿಲ್ಲ.

ನೇರವಾಗಿ ಹೇಳುತ್ತೇನೆ. ಅಮ್ಮನಿಗೆ ಅಣಬೆಯ ರುಚಿ ಹಿಡಿಸದು ಎಂದಷ್ಟೇ ಆದರೆ ಬುಕ್ ಮಾಡಿ, ಕಾಣುವ ಅಣಬೆ ತೆಗೆಸಿ. ಆಚಾರದ ಕಾರಣಕ್ಕೆ ಬಿಟ್ಟಿದ್ದರೆ ಸೆಟ್ ಮೆನು ಬೇಡ. ಒಬ್ಬರಿಗಾಗಿ ಬೇರೆ ಸಾರು ಇಡುವ ಅಡುಗೆಮನೆ ಅಪರೂಪ. ಇಡುತ್ತೇವೆ ಎಂದು ಅವರು ಬರಹದಲ್ಲಿ ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ, ದಾವಣಗೆರೆಯಿಂದ: ಅಮ್ಮನದು ಆಚಾರವೇ ಸರ್. ಅವರಿಗೆ ಬರಹದಲ್ಲಿ ಏನಂತ ಕೇಳಬೇಕು?

ಉತ್ತರ, ಬಾಣಸಿಗರು: ‘ಸಸ್ಯಾಹಾರಿ’ ಎಂಬ ಒಂದು ಪದ ಬರೆದು ಸುಮ್ಮನಾಗಬೇಡಿ. ಪದಾರ್ಥದ ಹೆಸರು ಹಿಡಿದು ಬರೆಯಿರಿ. ಈ ಕೆಳಗಿನದನ್ನು ಹೋಟೆಲಿನವರಿಂದ ಸರಳ ಚೀನೀ ಲಿಪಿಯಲ್ಲಿ ಬರೆಸಿ, ಒಂದು ಪ್ರತಿ ಬುಕಿಂಗ್ ಜೊತೆ ಕಳಿಸಿ, ಇನ್ನೊಂದನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ:

“ನಾಲ್ವರೂ ಮಾಂಸ, ಮೀನು, ಸೀಗಡಿ, ಮೊಟ್ಟೆ ತಿನ್ನುವುದಿಲ್ಲ. ಮಾಂಸದ ಸಾರು, ಹಂದಿ ಕೊಬ್ಬು, ಕೋಳಿ ಪುಡಿ, ಆಯ್ಸ್ಟರ್ ಸಾಸ್, ಜೆಲಟಿನ್ ಬೇಡ. ಬೆಳ್ಳುಳ್ಳಿ, ಈರುಳ್ಳಿ, ಈರುಳ್ಳಿ ಹೂವು, ಚೈವ್ಸ್, ಲೀಕ್ ಬೇಡ. ಹಾಲು, ಬೆಣ್ಣೆ ಆಗುತ್ತದೆ. ಒಬ್ಬರು ಯಾವ ಬಗೆಯ ಅಣಬೆಯನ್ನೂ ತಿನ್ನುವುದಿಲ್ಲ, ಅಣಬೆ ಹಾಕಿ ಕುದಿಸಿದ ಸಾರು, ಅಣಬೆ ಪುಡಿ, ಟ್ರಫಲ್, ಮರಗಿವಿ, ಬೆಳ್ಳಿಗಿವಿ ಸಹ. ಅವರಿಗೆ ಬೇರೆ ಸಾರಿನಲ್ಲಿ ಅಡುಗೆ ಮಾಡಲು ಸಾಧ್ಯವೇ? ಹೌದು ಅಥವಾ ಇಲ್ಲ ಎಂದು ತಿಳಿಸಿ.”

ಕೊನೆಯ ಸಾಲು ಮುಖ್ಯ. ಬರೀ ಕೋರಿಕೆ ಕಳಿಸಿದರೆ ‘ಗಮನಿಸಿದ್ದೇವೆ’ ಎಂಬ ಉತ್ತರ ಬರುತ್ತದೆ, ಆ ಮಾತು ಅಡುಗೆಮನೆಯವರೆಗೆ ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಹೌದು-ಇಲ್ಲ ಎಂದು ಕೇಳಿದರೆ ಯಾರಾದರೂ ಎದ್ದು ಹೋಗಿ ಬಾಣಸಿಗರನ್ನು ಕೇಳಲೇಬೇಕಾಗುತ್ತದೆ.

ಪ್ರಶ್ನೆ, ಬೆಳಗಾವಿಯಿಂದ: ನಾವು ಜೈನರು. ಗಡ್ಡೆ-ಗೆಣಸೂ ನಡೆಯಂಗಿಲ್ರಿ. ನಮಗೆ ದಾರಿ ಐತೇನು?

ಉತ್ತರ, ಬಾಣಸಿಗರು: ಸೆಟ್ ಮೆನುವಿನಲ್ಲಿ ಕಷ್ಟ ರೀ. ತಾವರೆ ಬೇರು, ಕೆಸುವಿನ ಗೆಡ್ಡೆ, ಚೀನೀ ಗೆಣಸು, ಲಿಲ್ಲಿ ಗೆಡ್ಡೆ, ಮೂಲಂಗಿ, ಶುಂಠಿ, ಇವು ಆ ಅಡುಗೆಯ ಜೀವಾಳ. ಅಣಬೆಯನ್ನೂ ಕಳೆದರೆ ಉಳಿಯುವುದು ಟೋಫು, ಸೊಪ್ಪು, ಬಿದಿರು ಕಳಲೆ, ಕುಂಬಳ ಜಾತಿಯ ಕಾಯಿಗಳು. ಅದನ್ನೇ ಹತ್ತು ತಟ್ಟೆ ಮಾಡಿಸಿ ಪೂರ್ತಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಬಿಡಿಬಿಡಿಯಾಗಿ ಆರ್ಡರ್ ಮಾಡಬಹುದಾದ ಕಡೆ ಹೋಗಿ. ಶಾಂಘೈಯ ಗೊಂಗ್‌ದೆಲಿನ್ 1922ರಲ್ಲಿ ಶುರುವಾದ ಹಳೆಯ ಸಸ್ಯಾಹಾರಿ ಹೋಟೆಲು. ಆದರೆ ಒಂದು ಎಚ್ಚರಿಕೆ. ಅಲ್ಲಿನ ಪರಂಪರೆಯೇ ಟೋಫು ಹಾಳೆ, ಗೋಧಿ ಅಂಟಿನಿಂದ ಬಾತುಕೋಳಿ, ಮೀನು, ಏಡಿಯ ರೂಪದಲ್ಲಿ ಖಾದ್ಯ ಮಾಡುವುದು. ಪದಾರ್ಥ ಸಸ್ಯದ್ದೇ ಆದರೂ ತಟ್ಟೆ ನೋಡಿದರೆ ಹಿರಿಯರಿಗೆ ಮುಜುಗರವಾಗುತ್ತದೆ. ಅಂಥವು ಬೇಡ ಎಂದು ಮೊದಲೇ ಹೇಳಿ.

ಪ್ರಶ್ನೆ, ಸಿಂಗಪುರದಿಂದ: ಬೀಜಿಂಗ್, ಚೆಂಗ್ಡುವಿನಲ್ಲಿ ಇಂಥದ್ದು ಇದೆಯಾ ಮೇಡಂ? ಬ್ಲ್ಯಾಕ್ ಪರ್ಲ್ ಅಂದರೆ ಏನು?

ಉತ್ತರ, ಪ್ರವಾಸ ಸಂಯೋಜಕಿ: ಬೀಜಿಂಗ್‌ನಲ್ಲಿ ಕಿಂಗ್ಸ್ ಜಾಯ್ ಇದೆ, ಲಾಮಾ ದೇವಸ್ಥಾನದ ಪಕ್ಕ. 2021ರ ಮಿಶೆಲಿನ್ ಗೈಡ್‌ನಲ್ಲಿ ಅದಕ್ಕೆ ಮೂರು ಸ್ಟಾರ್ ಬಂತು, ಸಸ್ಯಾಹಾರಿ ಹೋಟೆಲಿಗೆ ಅದು ದೊಡ್ಡ ಮಾತು. ಚೆಂಗ್ಡುವಿನಲ್ಲಿ ಟೆಂಪಲ್ ಹೌಸ್ ಹೋಟೆಲಿನ ಮಿ ಶುನ್ ಟೀಹೌಸ್. ಅದು ದೊಡ್ಡ ಹೋಟೆಲಿನೊಳಗೇ ಇರುವುದರಿಂದ ಇಂಗ್ಲಿಷ್‌ನಲ್ಲಿ ಮಾತಾಡಿ ಬುಕ್ ಮಾಡುವುದು ಸುಲಭ. ಬ್ಲ್ಯಾಕ್ ಪರ್ಲ್ ಎಂದರೆ ಚೀನಾದ್ದೇ ಆದ ಮೇತ್ವಾನ್ ಎಂಬ ಆ್ಯಪ್ ಕಂಪನಿಯ ರೆಸ್ಟೋರೆಂಟ್ ಗೈಡ್, 2018ರಿಂದ ಬರುತ್ತಿದೆ, ಒಂದರಿಂದ ಮೂರು ವಜ್ರ ಕೊಡುತ್ತಾರೆ. ಚೀನಾದವರ ನಾಲಿಗೆಗೆ ಯಾವುದು ಮೆಚ್ಚುಗೆ ಎಂದು ತಿಳಿಯಲು ಅದು ಒಳ್ಳೆಯದು. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಮಾಂಸದ ಹೋಟೆಲಿಗೆ ಮೂರು ಸ್ಟಾರ್ ಇದ್ದರೂ, ಅವರು ನಿಮಗೆಂದು ಮಾಡಿಕೊಡುವ ಸೊಪ್ಪಿನ ಪಲ್ಯಕ್ಕೆ ಕೋಳಿ-ಹ್ಯಾಮ್ ಸಾರು ಬಿದ್ದಿರಬಹುದು. ಸ್ಟಾರ್ ಕೊಡುವುದು ಅಡುಗೆಯ ಗುಣಮಟ್ಟಕ್ಕೆ, ನಿಮ್ಮ ಪಥ್ಯಕ್ಕಲ್ಲ.

ಪ್ರಶ್ನೆ, ದಾವಣಗೆರೆಯಿಂದ: ಖರ್ಚು ಅಂದಾಜು ಎಷ್ಟಾಗಬಹುದು? ದುಡ್ಡು ಹೇಗೆ ಕೊಡೋದು?

ಉತ್ತರ, ಪ್ರವಾಸ ಸಂಯೋಜಕಿ: ಮೆನು ದರ ಬದಲಾಗುತ್ತಿರುತ್ತದೆ, ಆದ್ದರಿಂದ ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ತಲೆಗೆ 800 ಯುವಾನ್ ಮೆನು ಎಂದಿಟ್ಟುಕೊಳ್ಳಿ, ನಾಲ್ವರಿಗೆ 3200. ಚಹಾ ಬೇರೆ, ನಾಲ್ವರಿಗೂ ಸೇರಿ 400 ಹಿಡಿಯಿರಿ. ಸರ್ವಿಸ್ ಚಾರ್ಜ್ ಶೇ 10 ಎಂದರೆ 360. ಒಟ್ಟು 3960. ಅಲಿಪೇಗೆ (ಚೀನಾದಲ್ಲಿ ಫೋನಿನಿಂದ ಹಣ ಕಟ್ಟುವ ಆ್ಯಪ್) ವಿದೇಶಿ ಕಾರ್ಡ್ ಜೋಡಿಸಿ ಕಟ್ಟಿದರೆ 200 ಯುವಾನ್ ಮೀರಿದ ಪಾವತಿಗೆ ಶೇ 3 ಶುಲ್ಕ, ಸುಮಾರು 119. ಅಲ್ಲಿಗೆ 4079 ಯುವಾನ್. ಯುವಾನಿಗೆ 12-13 ರೂಪಾಯಿಯಂತೆ ಐವತ್ತು ಸಾವಿರದ ಆಸುಪಾಸು, ಅದರ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ.

ಹಣ ಪಾವತಿಯಲ್ಲಿ ಎಡವುವುದು ಒಟಿಪಿ ಹತ್ತಿರ. ಅಲಿಪೇಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸುವಾಗ ಬ್ಯಾಂಕಿನ ಒಟಿಪಿ ಭಾರತದ ನಂಬರಿಗೆ ಬರುತ್ತದೆ. ಊರಲ್ಲಿದ್ದಾಗಲೇ ಜೋಡಿಸಿ, ಪಾಸ್‌ಪೋರ್ಟ್ ಪರಿಶೀಲನೆಯನ್ನೂ ಮುಗಿಸಿ. ಅದಕ್ಕೂ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಬೇಕು, ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಮಿತಿಯನ್ನೂ ಒಂದು ಲಕ್ಷಕ್ಕೆ ಏರಿಸಿ. ಊರಿನ ಸಿಮ್‌ಗೆ ರೋಮಿಂಗ್ ಇರಲಿ. ಶಾಂಘೈ ಮುಟ್ಟಿದ ಮೊದಲ ದಿನವೇ ಒಂದು ಬಾಟಲಿ ನೀರು ಕೊಂಡು ಅಲಿಪೇ ಪರೀಕ್ಷಿಸಿ. ಬಿಲ್ಲು ಬಂದ ಮೇಲೆ ಕಾರ್ಡ್ ನಿರಾಕರಣೆಯಾದರೆ ಅಪ್ಪ-ಅಮ್ಮನ ಎದುರು ಪೇಚಾಟ.

ಪ್ರಶ್ನೆ, ದಾವಣಗೆರೆಯಿಂದ: ಕೊನೆಯದಾಗಿ, ಅಲ್ಲಿಗೆ ಹೋಗೋದು ಹೇಗೆ? ಊಟದಲ್ಲಿ ಅನ್ನ ಇರುತ್ತಾ? ಅಪ್ಪನಿಗೆ ಅನ್ನ ಇಲ್ಲದೆ ಊಟ ಆದಂಗೇ ಅನ್ಸಲ್ಲ.

ಉತ್ತರ, ಪ್ರವಾಸ ಸಂಯೋಜಕಿ: ವಿಳಾಸ ಯುಯುವಾನ್ ರಸ್ತೆ, 1037. ಮೆಟ್ರೊ 2 ಅಥವಾ 11ನೇ ಮಾರ್ಗದ ಜಿಯಾಂಗ್ಸು ರೋಡ್ ನಿಲ್ದಾಣದಲ್ಲಿ ಇಳಿಯಿರಿ. ಇಲ್ಲಿ ಎರಡು ಕಡೆ ದಾರಿ ತಪ್ಪುತ್ತದೆ. ಯುಯುವಾನ್ ಎಂಬ ಹೆಸರಿನ ಪ್ರಸಿದ್ಧ ಉದ್ಯಾನವೂ ಅದರದ್ದೇ ಮೆಟ್ರೊ ನಿಲ್ದಾಣವೂ ಊರಿನ ಇನ್ನೊಂದು ಭಾಗದಲ್ಲಿವೆ, ಅಲ್ಲಿಗೆ ಹೋಗಿಬಿಟ್ಟರೆ ಟೇಬಲ್ ಕೈತಪ್ಪುತ್ತದೆ. ತಡವಾದರೆ ಕಾಯುವುದು ಹಲವು ಕಡೆ 15 ನಿಮಿಷ ಮಾತ್ರ. ಎರಡನೆಯದು, ಅದೇ ರಸ್ತೆಯಲ್ಲಿ ಅದೇ ಬಳಗದ ಫು 1015, ಫು 1039 ಎಂಬ ಹೆಸರುಗಳಿವೆ, ಅವು ಶಾಂಘೈ ಶೈಲಿಯ ಮಾಂಸದಡುಗೆಯವು. ಬುಕಿಂಗ್ ಖಚಿತವಾದ ಸಂದೇಶದಲ್ಲಿ 1037 ಎಂದೇ ಇದೆಯೇ ನೋಡಿ, ಟ್ಯಾಕ್ಸಿಯವರಿಗೂ ಚೀನೀ ಲಿಪಿಯ ವಿಳಾಸ ತೋರಿಸಿ. ಗೂಗಲ್ ಮ್ಯಾಪ್ ನೆಚ್ಚಬೇಡಿ, ಅಲ್ಲಿ ಜನ ಬಳಸುವುದು ಆಮ್ಯಾಪ್.

ಉತ್ತರ, ಬಾಣಸಿಗರು: ಅನ್ನ, ನೂಡಲ್ಸ್‌ನಂಥ ಹೊಟ್ಟೆ ತುಂಬುವ ಪದಾರ್ಥ ಅವರಲ್ಲಿ ಕಟ್ಟಕಡೆಗೆ, ಸಿಹಿಗೆ ಸ್ವಲ್ಪ ಮೊದಲು ಬರುತ್ತದೆ, ಅದೂ ಪುಟ್ಟ ಬಟ್ಟಲಲ್ಲಿ. ಮೊದಲ ನಾಲ್ಕೈದು ತಟ್ಟೆ ತಣ್ಣಗಿನವು, ಸೂಪು, ತರಕಾರಿ. ಅಪ್ಪನಿಗೆ ಬಿಳಿ ಅನ್ನ ಬೇಕಿದ್ದರೆ ನಡುವಿನ ಬಿಸಿ ತಟ್ಟೆಗಳ ಜೊತೆಗೇ ಕೊಡಿ ಎಂದು ಚೀನೀ ಲಿಪಿಯಲ್ಲಿ ಬರೆಸಿದ ಆ ಪತ್ರದಲ್ಲೇ ಒಂದು ಸಾಲು ಸೇರಿಸಿ. ಬರೀ ಬಿಳಿ ಅನ್ನ ಎಂದು ಬರೆಯಿರಿ, ಇಲ್ಲದಿದ್ದರೆ ಅಣಬೆ ಸಾರಿನಲ್ಲಿ ಬೇಯಿಸಿದ ಅನ್ನವೇ ಬಂದುಬಿಡಬಹುದು. ಖಾರ ಬೇಕೆನಿಸಿದರೆ ಹೆಚ್ಚಿದ ಹಸಿಮೆಣಸಿನಕಾಯಿ ಹಾಕಿದ ಸೋಯಾ ಸಾಸ್ ಕೇಳಿ.