ಪದಚರ್ಚೆ: ‘ಎನ್‌ಫ್ರಾಂಚೈಸ್‌ಮೆಂಟ್’ಗೆ ಕನ್ನಡ? (ಇಂಡಿಯನ್ ಆ್ಯಕ್ಟ್, ಅಂದರೆ ಕೆನಡಾದ ಮೂಲನಿವಾಸಿಗಳ ಕುರಿತ ಕಾಯ್ದೆ)

ಕೆನಡಾದ ಮೂಲನಿವಾಸಿ ಮಹಿಳೆಯರ ಹಕ್ಕುಗಳ ಬಗ್ಗೆ ಪ್ರದರ್ಶನ ಫಲಕ. ನಾಳೆ ಬೆಳಿಗ್ಗೆ ಅಚ್ಚಿಗೆ. ಕರಡಿನಲ್ಲಿ ‘ಎನ್‌ಫ್ರಾಂಚೈಸ್‌ಮೆಂಟ್’ಗೆ ‘ಮತಾಧಿಕಾರ ನೀಡಿಕೆ’, ‘ಸ್ಟೇಟಸ್’ಗೆ ‘ಸ್ಥಾನಮಾನ’ ಎಂದಿದೆ. ಸರಿಯೇ? ಎರಡು ಪದಕ್ಕಷ್ಟೇ ಜಾಗ.
– ವಿ.

ವಿ. ಅವರೇ,
ಮೊದಲನೆಯದು ಪೂರ್ತಿ ಉಲ್ಟಾ. 1857ರ ಕಾಯ್ದೆಯಿಂದಲೂ ಅಲ್ಲಿ ಅದರರ್ಥ ‘ಇಂಡಿಯನ್’ ಎಂಬ ಕಾನೂನು ಗುರುತು ಕಳೆದುಕೊಳ್ಳುವುದು. ಆ ಗುರುತು ಬಿಡದೆ ಫೆಡರಲ್ ಮತ ಹಾಕುವ ಹಕ್ಕು ಎಲ್ಲರಿಗೂ ಬಂದದ್ದು 1960ರಲ್ಲಿ. ‘ಮಾನ್ಯತೆ ರದ್ದು’ ಎನ್ನಿ. ‘ಸ್ಥಾನಮಾನ’ಕ್ಕೆ ಗೌರವದ ವಾಸನೆ, ಇದು ಸರ್ಕಾರ ‘ಇಂಡಿಯನ್’ ಎಂದು ಒಪ್ಪಿದವರ ರಿಜಿಸ್ಟರಿನ ಮಾತು, ‘ನೋಂದಣಿ’ ಸಾಕು. ‘ಇಂಡಿಯನ್’ ಅನ್ನು ಮಾತ್ರ ‘ಭಾರತೀಯ’ ಮಾಡಬೇಡಿ.
– ಸು.

‘ರದ್ದು’ ಅರಬ್ಬಿ, ‘ಮಾನ್ಯತೆ’ ಸಂಸ್ಕೃತ. ಕನ್ನಡ ಎಲ್ಲಿ? ಆ ಇಂಗ್ಲಿಷ್ ಪದದ ಬೇರು ಹಳೆಯ ಫ್ರೆಂಚಿನ ‘ಫ್ರಾಂಕ್’, ಎಂದರೆ ಕಟ್ಟಿಲ್ಲದವನು, ಯಾರ ಆಳೂ ಅಲ್ಲದವನು. ‘ಬಿಡುಗಡೆ’ ಎಂದರೆ ಮುಗಿಯಿತು.
– ಕೆ.

ಮುಗಿಯುವುದಿಲ್ಲ. ಯಾವುದರಿಂದ ಬಿಡುಗಡೆ? ಅದು ಒಟ್ಟಾವಾದ, ಅಂದರೆ ಕೆನಡಾ ಸರ್ಕಾರದ, ಭಾಷೆ, ಫಲಕದ್ದಾಗಬಾರದು.

ವಿ. ಅವರೇ, ಇನ್ನೊಂದು ಎಡವಟ್ಟಿದೆ. ಮದುವೆಯಿಂದ ಗುರುತು ಹೋಗುತ್ತಿದ್ದದ್ದು ಬೇರೆಯೇ ಕಲಮಿನಲ್ಲಿ: 1951ರ 12(1)(ಬಿ). ಹೊರಗಿನವನನ್ನು ಮದುವೆಯಾದವಳು ಪಟ್ಟಿಯಿಂದ ಔಟ್. ಅವಳಣ್ಣ ಹೊರಗಿನವಳನ್ನು ತಂದರೆ ಆಕೆ ಒಳಗೆ. ನಮ್ಮಲ್ಲಿ ಪರಿಶಿಷ್ಟ ಪಂಗಡದವಳು ಯಾರನ್ನು ಮದುವೆಯಾದರೂ ಹುಟ್ಟಿನ ಗುರುತು ಹೋಗದು, ಹಾಗಾಗಿ ಕನ್ನಡ ಓದುಗರಿಗೆ ಇದು ತಾನಾಗಿ ಹೊಳೆಯುವುದಿಲ್ಲ. ಅಲ್ಲಿಗೆ ‘ಮದುವೆಯಿಂದ ಹೆಸರು ಕಡಿತ’ ಎಂದೇ ಬರೆಯಿರಿ, ಒಂದು ಪದ ಹೆಚ್ಚಾದರೂ ಸರಿ. ಹೀಗೆ ಗುರುತು ಕಳೆದುಕೊಂಡ ಇಬ್ಬರು ಮೂಲನಿವಾಸಿ ಮಹಿಳೆಯರಲ್ಲಿ ಜೆನೆಟ್ ಲವೆಲ್ 1973ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು, 1981ರಲ್ಲಿ ಸಾಂಡ್ರಾ ಲವ್‌ಲೇಸ್ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯಲ್ಲಿ ಗೆದ್ದದ್ದು ಈ ಕಲಮಿನ ಮೇಲೆಯೇ.
– ಸು.

ಆ ಕಲಂ ತೆಗೆದು ಹೆಸರು ಮರಳಿಸಿದ 1985ರ ಸಿ-31 ತಿದ್ದುಪಡಿಯಲ್ಲಿ ಎಲ್ಲ ಸರಿಹೋಯಿತಲ್ಲ?
– ವಿ.

ಇಲ್ಲ. ನೋಂದಣಿಯಲ್ಲಿ ಎರಡು ದರ್ಜೆ: 6(1)ರವರು ಹೊರಗೆ ಮದುವೆಯಾದರೂ ಮಕ್ಕಳಿಗೆ ಗುರುತು ದಾಟುತ್ತದೆ, 6(2)ರವರದು ದಾಟದು. ಹೆಸರು ಮರಳಿ ಬಂದವಳಿಗೆ 6(1) ಸಿಕ್ಕಿತು, ಅವಳ ಮಕ್ಕಳಿಗೆ 6(2). ಆ ಮಕ್ಕಳು ಹೊರಗೆ ಮದುವೆಯಾದರೆ ಮೊಮ್ಮಕ್ಕಳಿಗೆ ಏನೂ ಇರಲಿಲ್ಲ. ಅಣ್ಣನ ಮಕ್ಕಳು 6(1)ರಲ್ಲೇ ಇದ್ದರು, ಅಂದರೆ ಅವನ ಕಡೆ ಒಂದು ತಲೆಮಾರು ಹೆಚ್ಚು. ಆ ವ್ಯತ್ಯಾಸ ತೆಗೆಯಲು ಎಸ್-3 ಕಾಯ್ದೆಯ ಕೊನೆಯ ಭಾಗ 2019ರ ಆಗಸ್ಟ್ 15ರಂದು ಜಾರಿಯಾಗಬೇಕಾಯಿತು. ‘ಮರುಸ್ಥಾಪನೆ’ ಬೇಡ, ‘ಮರುನೋಂದಣಿ’.
– ಸು.

‘ನೋಂದಣಿ’ಯೂ ಬೇಡ. ‘ಪಟ್ಟಿಗೇರಿಕೆ’.
– ಕೆ.

‘ಪಟ್ಟಿ’ ಸಂಸ್ಕೃತದಿಂದ ಇಲ್ಲಿಗೆ ಬಂತೋ, ಇಲ್ಲಿಂದ ಅಲ್ಲಿಗೆ ಹೋಯಿತೋ, ಬೇರೆ ಎಳೆ ತೆಗೆದು ಜಗಳವಾಡಿ. ಇವರ ಫಲಕ ನಾಳೆ ಅಚ್ಚಿಗೆ ಹೋಗಬೇಕು.
– ಸು.