ಅಪ್‌ಡೇಟ್: ನಮ್ಮ ಸಿಎನ್‌ಸಿ ರೌಟರ್‌ಗೆ ಮೊದಲು ಏನು ಮಾಡಿಸಿದೆವು

ಹೋದ ತಿಂಗಳು ಕೇಳಿದ್ದೆ: ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿ ಬಳಸುವ ರೌಟರ್‌ಗೆ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮೆಷಿನ್), ಇರುವ ದುಡ್ಡಲ್ಲಿ, ಮೊದಲು ಸ್ಪಿಂಡಲ್ (ಕೊರೆಯುವ ಬಿಟ್ ತಿರುಗಿಸುವ ಮೋಟರ್) ಬದಲಿಸೋದಾ ಇಲ್ಲಾ ಧೂಳಿನ ವ್ಯವಸ್ಥೆ ಮಾಡೋದಾ ಅಂತ.

ಧೂಳೇ ಮೊದಲು ಅಂದವರಿಗೆ ಮನಸಾರೆ ಧನ್ಯವಾದ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊರೆದ ದಿನ ಮೆಷಿನ್ ಜಾರುವ ರೇಲ್ ಮೇಲೆ ಬೆರಳಾಡಿಸಿದರೆ ರಾಗಿ ಹಿಟ್ಟಿನಷ್ಟು ನುಣ್ಣನೆ ಪುಡಿ ಅಂಟುತ್ತಿತ್ತು. ಅದೇ ನಮ್ಮ ಎದೆಗೂ ಹೋಗುತ್ತಿತ್ತು. ಈಗ ಬಿಟ್ ಸುತ್ತ ಧೂಳು ಹಿಡಿದಿಡುವ ಬ್ರಷ್ ಶೂ, ಎಳೆದ ಗಾಳಿಯಿಂದ ಧೂಳು ಬೇರ್ಪಡಿಸುವ ಸೈಕ್ಲೋನ್ ಎರಡೂ ಬಂದಿವೆ. ಸಣ್ಣ ಮಕ್ಕಳನ್ನು ಕರೆತರುವವರಿಗೂ ನೆಮ್ಮದಿ.

ಆಮೇಲೆ 1.5 ಕಿಲೋವ್ಯಾಟ್ ಸ್ಪಿಂಡಲ್ ಕೂರಿಸಿದೆವು. ಇಲ್ಲಿ ಮಾತ್ರ ಎರಡು ವಾರ ಒದ್ದಾಡಿದೆವು. ವಿಎಫ್‌ಡಿ (ಸ್ಪಿಂಡಲ್ ವೇಗ ನಿಯಂತ್ರಿಸುವ ಪೆಟ್ಟಿಗೆ) ಚಾಲೂ ಆದ ಕೂಡಲೇ, ಅಂಚು ಮುಟ್ಟಿದರೆ ಮೆಷಿನ್ ನಿಲ್ಲಿಸುವ ಲಿಮಿಟ್ ಸ್ವಿಚ್ ಯಾವುದೂ ಒತ್ತದಿದ್ದರೂ, ಮೆಷಿನ್ ಅಲಾರಂ ಕೊಟ್ಟು ನಿಲ್ಲುತ್ತಿತ್ತು. ಅರ್ಧ ಕೊರೆದ ತೇಗದ ಹಲಗೆ ಒಂದು ಹಾಳೇ ಆಯಿತು. ಕೊನೆಗೆ ನೋಡಿದರೆ, ಸ್ಪಿಂಡಲ್ ಕೇಬಲ್ಲೂ ಸ್ವಿಚ್ಚಿನ ವೈರೂ ಒಂದೇ ಡ್ರ್ಯಾಗ್ ಚೈನಿನಲ್ಲಿ (ಮೆಷಿನ್ ಜೊತೆ ಚಲಿಸುವ, ವೈರು ಹಿಡಿದಿಡುವ ಸರಪಳಿ) ಅಂಟಿಕೊಂಡು ಹೋಗಿದ್ದವು; ಸ್ಪಿಂಡಲ್ ಕೇಬಲ್ಲಿನ ವಿದ್ಯುತ್ ಗದ್ದಲ ಸ್ವಿಚ್ಚಿನ ವೈರಿಗೆ ಹಾರಿ, ಸ್ವಿಚ್ ಒತ್ತಿದ ಹಾಗೆ ಮೆಷಿನ್‌ಗೆ ಅನಿಸುತ್ತಿತ್ತು. ಆ ಗದ್ದಲ ತಡೆಯುವ ಲೋಹದ ಹೊದಿಕೆ (ಶೀಲ್ಡ್) ಇರುವ ಕೇಬಲ್ ಹಾಕಿ, ಸರಿಯಾಗಿ ಅರ್ಥಿಂಗ್ ಕೊಟ್ಟು, ಎರಡನ್ನೂ ಬೇರೆ ದಾರಿಯಲ್ಲಿ ಎಳೆದ ಮೇಲೆ ಒಮ್ಮೆಯೂ ನಿಂತಿಲ್ಲ. ಸ್ಪಿಂಡಲ್ ಕೊಳ್ಳುವವರು ಈ ಕೇಬಲ್ಲಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೆಷಿನ್ ನಿಖರವಾಗಿ ಸರಿಯಲು ಬೇಕಾದ ಬಾಲ್‌ಸ್ಕ್ರೂ ಹಾಕಿಸೋದನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇವೆ. ಉಳಿದ ದುಡ್ಡಲ್ಲಿ, ಕೈಗೆ ತಕ್ಷಣ ಸಿಗುವ ಹಾಗೆ, ಎರಡನೇ ಎಮರ್ಜೆನ್ಸಿ ಸ್ಟಾಪ್ ಬಟನ್ ಬರುತ್ತಿದೆ.