ಅಪ್‌ಡೇಟ್: ಮಗಳ ಕೋವಿಡ್ ರಿಪೋರ್ಟ್ ಕೊನೆಗೂ ಬಂತು

ಹೋದ ವಾರ ಕೇಳಿದ್ನಲ್ಲ, 4 ವರ್ಷದ ಮಗಳಿಗೆ ಜ್ವರ ಕೆಮ್ಮು, ರಿಪೋರ್ಟ್ ಇಲ್ದೆ ಸ್ಕೂಲಲ್ಲಿ ಸೇರಿಸ್ಕೊಳ್ಳಲ್ಲ ಅಂತಾರೆ, ಟೆಸ್ಟ್ ಸೆಂಟರ್‌ನಲ್ಲಿ ಇಷ್ಟು ಚಿಕ್ಕ ಮಕ್ಕಳಿಗೆ ಮಾಡಲ್ಲ ಅಂತಾರೆ, ಏನ್ ಮಾಡ್ಲಿ ಅಂತ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಮಕ್ಕಳ ಡಾಕ್ಟರ್ ಹತ್ರ ಚೀಟಿ ಬರೆಸ್ಕೊಂಡು ಹೋದ್ವಿ, ಆಗ ತಗೊಂಡ್ರು. ಮೊದ್ಲು ರ‍್ಯಾಪಿಡ್ ಟೆಸ್ಟ್, ನೆಗೆಟಿವ್ ಬಂತು, ಆದ್ರೆ ಡಾಕ್ಟರ್ ಅದನ್ನೊಂದೇ ನಂಬ್ಕೊಂಡು ಕೂರ್ಬೇಡಿ, ಶುರುವಿನ ದಿನಗಳಲ್ಲಿ ಸೋಂಕಿದ್ರೂ ಅದ್ರಲ್ಲಿ ಕಾಣದೇ ಹೋಗ್ಬೋದು ಅಂದ್ರು, ಅದಕ್ಕೇ ಆರ್‌ಟಿ-ಪಿಸಿಆರ್ ಅನ್ನೋ, ಲ್ಯಾಬಲ್ಲಿ ಮಾಡೋ ಇನ್ನೂ ನಿಖರವಾದ ಟೆಸ್ಟ್ ಕೂಡ ಮಾಡಿಸಿದ್ವಿ. ಮೂಗಿಗೆ ಕಡ್ಡಿ ಹಾಕೋವಾಗ ನನ್ನ ತೊಡೆ ಮೇಲೆ ಕೂತಿದ್ಲು, ಎರಡೂ ಕೈಲಿ ನನ್ನ ಹೆಬ್ಬೆರಳು ಗಟ್ಟಿಯಾಗಿ ಹಿಡ್ಕೊಂಡು "ಆಯ್ತಾ ಅಮ್ಮ, ಆಯ್ತಾ" ಅಂತಾನೇ ಇದ್ಲು, ಕರುಳು ಕಿತ್ತು ಬಂದಂಗಾಯ್ತು.

ಸಿಟ್ಟು ಬರೋದು ಯಾಕೆ ಅಂದ್ರೆ, ಲ್ಯಾಬಲ್ಲಿ ಆ ಟೆಸ್ಟ್ ಕೆಲವೇ ಗಂಟೆ ಕೆಲಸ, ನಮಗೆ ರಿಪೋರ್ಟ್ ಸಿಕ್ಕಿದ್ದು 5ನೇ ದಿನ! ಅಷ್ಟರಲ್ಲಿ ಜ್ವರಾನೇ ಬಿಟ್ಟಿತ್ತು, ನಾವಿಬ್ರೂ ರಜಾ ಹಾಕಿ ಮನೇಲಿ ಕೂತಿದ್ವಿ. ಕೊನೆಗೆ ನೆಗೆಟಿವ್. ಸೋಮವಾರದಿಂದ ಸ್ಕೂಲಿಗೆ ಹೋಗ್ತಾಳೆ.

ಇವತ್ತು ಬೆಳಗ್ಗೆಯಿಂದ ಚಿಕ್ಕೋನಿಗೆ ಮೂಗು ಸೋರ್ತಿದೆ, ಮತ್ತೆ ಅದೇ ಚೀಟಿ ಅದೇ ಕ್ಯೂ.